ಪಿಟೀಲಿನವನ ಪಾಪ

ಒಂದು ಜರ್ಮನ್ ಮೂಕಿ ಚಿತ್ರದ ಕೊನೆಯ ಹತ್ತು ನಿಮಿಷವನ್ನು ನಾನು ಏನಿಲ್ಲವೆಂದರೂ ಐವತ್ತು ಸಲ ನೋಡಿದ್ದೇನೆ. ಅದರ ಹೆಸರು ಮಾತ್ರ ನನಗೆ ಗೊತ್ತಿಲ್ಲ. ಮೊದಲ ರೀಲು ಎಲ್ಲೋ ಕಳೆದುಹೋಗಿದೆಯಂತೆ, ಹೆಸರೂ ಅದರ ಜೊತೆಗೇ ಹೋಗಿದೆ. ನಟಿಸಿದವರು ಯಾರು, ತೆಗೆದವರು ಯಾರು, ಅದೂ ಗೊತ್ತಿಲ್ಲ. ಸಿನಿಮಾ ಬಲ್ಲವರ ನಡುವೆ ಹೀಗೆಂದು ಒಪ್ಪಿಕೊಂಡರೆ ಮರ್ಯಾದೆ ಉಳಿಯುವುದಿಲ್ಲ ಅಂತ ಇಷ್ಟು ದಿನ ಸುಮ್ಮನಿದ್ದೆ. ಆದರೆ ಅರವಂಕಾಡಿನ ಮೇಲಿರುವ ನಮ್ಮ ಹಟ್ಟಿಯಲ್ಲಿ ಸಿನಿಮಾ ಬಲ್ಲವರು ಯಾರೂ ಇಲ್ಲ. ಇದನ್ನು ಓದುವ ನೀವೋ, ನನ್ನನ್ನು ಊಟಿ ಬಸ್ಸಿನಲ್ಲಿ ಕಂಡರೂ ಗುರುತು ಹಿಡಿಯಲಾರಿರಿ. ಆ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ಚಿತ್ರ ನಮ್ಮ ಹಟ್ಟಿಗೆ ಬಂದದ್ದು ನನ್ನ ತಮ್ಮನ ಮಗಳು ಸುಮತಿಯಿಂದ. ಅವಳು ಗೂಡಲೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲಿ ಅವಳ ಜೊತೆಯ ಮಲಯಾಳಿ ಹುಡುಗಿಯರೆಲ್ಲ ಜರ್ಮನಿಯಲ್ಲಿ ಕೆಲಸ ಹಿಡಿಯಲು ಜರ್ಮನ್ ಕಲಿಯುತ್ತಿದ್ದರು. ತಾನೊಬ್ಬಳು ಕಲಿಯದೆ ಕೂತರೆ ಊಟದ ಹೊತ್ತಿನಲ್ಲಿ ಮಾತಿಗೆ ಜನ ಸಿಗುವುದಿಲ್ಲ ಅಂತ ಇವಳೂ ಸೇರಿಕೊಂಡಳು. ಜರ್ಮನ್ ಸಿನಿಮಾ ನೋಡಿ, ಕಿವಿ ಪಳಗುತ್ತದೆ ಅಂದರಂತೆ ಪಾಠ ಹೇಳುವವರು. ಇವಳು ಹುಡುಕಿ ಹುಡುಕಿ ಮೂಕಿ ಚಿತ್ರ ತಂದಳು. ಅಲ್ಲಮ್ಮಾ, ಮಾತು ಕಲಿಯಲು ಮಾತೇ ಇಲ್ಲದ ಸಿನಿಮಾ ಯಾಕೆ ಅಂತ ನಾನು ಕೇಳಿದ್ದಕ್ಕೆ, ಮಾತಾಡುವ ಸಿನಿಮಾದವರು ತುಂಬ ಬೇಗ ಮಾತಾಡುತ್ತಾರೆ ದೊಡ್ಡಪ್ಪ, ಇದರಲ್ಲಿ ಒಂದೊಂದು ಮಾತನ್ನೂ ಹಲಗೆಯ ಮೇಲೆ ಬರೆದು ನಾವು ಓದಿ ಮುಗಿಸುವವರೆಗೆ ಕಾಯುತ್ತಾರೆ ಅಂದಳು. ಮನುಷ್ಯರೆಲ್ಲ ಹೀಗೆ ಬರೆದು ತೋರಿಸಿ ಕಾಯುವವರಾಗಿದ್ದರೆ ನಮ್ಮ ಹಟ್ಟಿಯ ಎಷ್ಟೋ ಜಗಳ ಎರಡನೆಯ ಹಲಗೆಗೆ ಹೋಗುತ್ತಿರಲಿಲ್ಲ.

ಕತೆ ಬಹಳ ಸರಳ. ಒಂದು ಊರಿನಲ್ಲಿ ಒಬ್ಬ ಪಿಟೀಲಿನವನು. ಅವನಿಗೆ ಕನಸಿನಲ್ಲಿ ಒಂದು ರಾಗ ಕೇಳಿಸುತ್ತದೆ, ಎದ್ದಾಗ ಅದರ ಕೊನೆಯ ಭಾಗ ಮರೆತುಹೋಗಿರುತ್ತದೆ. ಅದನ್ನು ಹುಡುಕಲು ಕೂರುತ್ತಾನೆ. ಕೂತವನು ಏಳುವುದೇ ಇಲ್ಲ. ಕಚೇರಿಗಳು ತಪ್ಪುತ್ತವೆ. ಹೆಂಡತಿಯ ತವರಿನಿಂದ ಬಂದ ಗಡಿಯಾರ ಮಾರುತ್ತಾನೆ. ಚಳಿ ಕಾಯಿಸಲು ಕುರ್ಚಿ ಸುಡುತ್ತಾನೆ, ಆಮೇಲೆ ಮಂಚ ಸುಡುತ್ತಾನೆ. ಪಕ್ಕದ ಕೋಣೆಯಲ್ಲಿ ಹೆಂಡತಿ ಕೆಮ್ಮುತ್ತಾಳೆ, ಇವನಿಗೆ ಕೇಳಿಸುವುದಿಲ್ಲ. ಅವಳು ಮಗುವನ್ನು ಎತ್ತಿಕೊಂಡು ಮನೆ ಬಿಟ್ಟು ಹೋಗುತ್ತಾಳೆ, ಅದೂ ಅವನಿಗೆ ತಿಳಿಯುವುದಿಲ್ಲ. ಕೊನೆಗೊಂದು ದಿನ ರಾಗ ಪೂರ್ತಿ ಸಿಗುತ್ತದೆ. ಖಾಲಿ ಮನೆಯಲ್ಲಿ ನಿಂತು ಪೂರ್ತಿ ನುಡಿಸಿ, ಕಮಾನು ಕೆಳಗಿಟ್ಟು, ನೆಲಕ್ಕೆ ಬಿದ್ದು ಸಾಯುತ್ತಾನೆ.

ಇಷ್ಟೆಲ್ಲ ನಡೆದದ್ದು ಆ ರಾಗಕ್ಕಾಗಿ. ಆ ರಾಗ ನಮಗೆ ಕೇಳಿಸುವುದಿಲ್ಲ, ಯಾಕೆಂದರೆ ಅದು ಮೂಕಿ ಚಿತ್ರ. ನೂರು ವರ್ಷದಿಂದ ಅವನು ಬೆವರು ಸುರಿಸಿ ನುಡಿಸುತ್ತಲೇ ಇದ್ದಾನೆ, ಒಬ್ಬನೇ ಒಬ್ಬ ಮನುಷ್ಯನಿಗೆ ಒಂದು ಸ್ವರ ಮುಟ್ಟಿಲ್ಲ. ಪಿಟೀಲಿನವನ ಮೇಲೆ ಮೂಕಿ ಚಿತ್ರ ತೆಗೆಯಬೇಕು ಅಂತ ಯಾರಿಗೆ ಹೊಳೆಯಿತೋ, ಬೇಡ ಅಂತ ಹೇಳುವ ಒಬ್ಬ ಅಣ್ಣನಾದರೂ ಅವರಿಗೆ ಇರಲಿಲ್ಲವೋ. ಹಾಗೆ ನೋಡಿದರೆ ಹೆಂಡತಿಯ ಕೆಮ್ಮು ಕೇಳಿಸಲಿಲ್ಲ ಅಂತ ಅವನೊಬ್ಬನನ್ನೇ ದೂರುವುದೂ ಅಷ್ಟು ನ್ಯಾಯವಲ್ಲ. ನಮಗೂ ಕೇಳಿಸಿರಲಿಲ್ಲ.

ಈಗ ನನ್ನ ಸೋದರಮಾವನ ವಿಷಯಕ್ಕೆ ಬರಬೇಕು. ಅವರ ಹೆಸರು ಬೆಳ್ಳಿ. ನಾವು ಬಡಗರು. ನಮ್ಮ ಮಾತು ಕನ್ನಡಕ್ಕೆ ಹತ್ತಿರದ್ದು, ಆದರೆ ಬೇರೆಯದು. ಅಪ್ಪ ಗುಂಡ್ಲುಪೇಟೆಯ ಆಲೂಗಡ್ಡೆ ಮಂಡಿಯಲ್ಲಿದ್ದ ಕಾರಣ ಅಲ್ಲಿ ಓದಿ ನಾನು ಹೀಗೆ ಪುಸ್ತಕದ ಕನ್ನಡ ಬರೆಯುತ್ತೇನೆ. ಮಾವನ ಮಾತನ್ನು ಮುಂದೆ ಅಲ್ಲಲ್ಲಿ ನಿಮಗೆ ತಿಳಿಯುವ ಹಾಗೆ ತಿದ್ದಿದ್ದೇನೆ. ತಿದ್ದಿದ್ದು ಗೊತ್ತಾಗಿದ್ದರೆ ಅವರು ಮೂರು ದಿನ ನನ್ನ ಹತ್ತಿರ ಮಾತು ಬಿಡುತ್ತಿದ್ದರು.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವ ಮುಂಚೆ ಒಂದು ಕಾರ್ಯ ಉಂಟು. ಹಿರಿಯನೊಬ್ಬ ಎದ್ದು ನಿಂತು, ಸತ್ತವರು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಎತ್ತರದ ದನಿಯಲ್ಲಿ ಹೇಳುತ್ತಾನೆ. ಸುತ್ತ ನಿಂತವರು ಒಂದೊಂದಕ್ಕೂ ಅದು ಪಾಪ ಅನ್ನುತ್ತಾರೆ. ಇದೆಲ್ಲ ತೀರಲಿ, ದಾರಿ ತೆರೆಯಲಿ ಅಂತ ಮುಗಿಸುತ್ತಾರೆ. ಇದಕ್ಕೆ ಕರು ಹರಚುವುದು ಅಂತ ಹೆಸರು, ಹಿಂದೆ ಆ ಪಾಪವನ್ನೆಲ್ಲ ಒಂದು ಕರುವಿನ ಮೇಲೆ ಹೊರಿಸಿ ಬಿಡುತ್ತಿದ್ದರಂತೆ. ನಾನು ಬಯಲುಸೀಮೆಯ ಕೆಲವು ಸಾವುಗಳಿಗೆ ಹೋಗಿದ್ದೇನೆ. ಅಲ್ಲಿ ಮೈಕು ಹಿಡಿದು ಸತ್ತವರು ಎಂಥ ಸಜ್ಜನರು, ಎಂಥ ಮಿತಭಾಷಿ ಅಂತ ಹೊಗಳುತ್ತಾರೆ. ನಮ್ಮಲ್ಲಿ ಆ ಉಪಚಾರ ಇಲ್ಲ. ಪಕ್ಕದ ಹೊಲಕ್ಕೆ ಹೋಗುವ ನೀರು ತಿರುಗಿಸಿದ್ದು, ನೆಂಟರು ಬರುವುದು ಕಂಡು ಬಾಗಿಲು ಹಾಕಿಕೊಂಡದ್ದು, ಕರು ಕುಡಿಯುವ ಮುಂಚೆಯೇ ಹಾಲು ಕರೆದದ್ದು, ಎಲ್ಲವೂ ಮುಖದ ಮುಂದೆಯೇ. ಸತ್ತವರು ಇದನ್ನೆಲ್ಲ ಮಾಡಿರಲಿ ಬಿಡಲಿ, ಒಂದೂ ಉಳಿಯದಿರಲಿ ಅಂತ ಪೂರ್ತಿ ಹೇಳುತ್ತಾರೆ. ಜೊತೆಗೆ ಆ ಮನುಷ್ಯನದೇ ಆದ ಒಂದೆರಡನ್ನು ಹೇಳುವವನು ಸೇರಿಸಬಹುದು.

ನಮ್ಮ ಹಟ್ಟಿಯಲ್ಲಿ ಇದು ಮೊದಲಿಂದ ಕೊನೆವರೆಗೆ ಬಾಯಲ್ಲಿದ್ದದ್ದು ಬೆಳ್ಳಿ ಮಾವ ಒಬ್ಬರಿಗೇ. ಎಲ್ಲಿ ಸಾವಾದರೂ ನಡೆದುಕೊಂಡು ಹೋಗಿ ಕೇಳಿ ಕೇಳಿ ಕಲಿತವರು. ಎಳೆ ವಯಸ್ಸಿನಲ್ಲಿ, ನಮ್ಮ ಹಟ್ಟಿಯೊಡನೆ ಮಾತು ಬಿಟ್ಟ ಹಟ್ಟಿಗಳ ಸಾವನ್ನೂ ಬಿಡುತ್ತಿರಲಿಲ್ಲವಂತೆ. ಸಾವಿನ ಸುದ್ದಿ ಬಂದರೆ ಮಾವನ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ತಲೆಗೆ ಬಿಳಿ ಬಟ್ಟೆ ಸುತ್ತುವ ನೆಪದಲ್ಲಿ ಗೋಡೆಯ ಕಡೆ ತಿರುಗುತ್ತಿದ್ದರು. ಇದನ್ನು ಅವರ ಹೆಂಡತಿ ಮಾದಿ ಮಾಮಿ ಹೇಳಿದ್ದು. ಹೇಳುವಾಗ ಮಾಮಿ ನಗುತ್ತಿರಲಿಲ್ಲ.

ತೊಂದರೆ ಏನೆಂದರೆ, ಈ ವಿದ್ಯೆಗೆ ಅಭ್ಯಾಸ ಮಾಡುವಂತಿಲ್ಲ. ಹೆಣವಿಲ್ಲದ ಕಡೆ ಅದನ್ನು ಬಾಯಲ್ಲಿ ತರಬಾರದು, ತಂದರೆ ಸಾವನ್ನು ಮನೆಗೆ ಕರೆದಂತೆ. ಪಿಟೀಲಿನವನು ದಿನವಿಡೀ ಕಿರ್ ಕಿರ್ ಅನ್ನಿಸಬಹುದು, ಭಜನೆಯವರು ಬಚ್ಚಲಲ್ಲಿ ಹಾಡಬಹುದು. ಕರು ಹರಚುವವನು ಯಾರಾದರೂ ಸಾಯುವವರೆಗೆ ಕಾಯಬೇಕು. ಕಾದು ಸಿಕ್ಕ ಸಾವಿನಲ್ಲಾದರೂ ಪೂರ್ತಿ ಹೇಳಲು ಬಿಡುತ್ತಾರೋ, ಅದೂ ಇಲ್ಲ. ಈಗ ಬಾಡಿಗೆ ವ್ಯಾನು ಬಂದು ನಿಂತಿರುತ್ತದೆ, ಡ್ರೈವರು ಹಾರನ್ನು ಒತ್ತುತ್ತಾನೆ, ಕೋತಗಿರಿಯ ನೆಂಟರಿಗೆ ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕಿರುತ್ತದೆ. ಸಾಕು ಬೆಳ್ಳಿ ಅಣ್ಣಾ, ಮುಖ್ಯವಾದದ್ದು ಆಯಿತಲ್ಲ ಅನ್ನುತ್ತಾರೆ. ಕೊನೆಯ ನಾಲ್ಕಾರು ಸಾವುಗಳಲ್ಲಿ ಮಾವ ಅರ್ಧದ ಆಚೆಗೆ ಹೋಗಿಯೇ ಇರಲಿಲ್ಲ. ಅರ್ಧ ಪಾಪದ ಜೊತೆಗೇ ಆ ಜನವನ್ನು ಕಳಿಸಿಬಿಟ್ಟೆನಲ್ಲ, ಅಲ್ಲಿ ಏನು ಕಷ್ಟಪಡುತ್ತಿದ್ದಾರೋ ಅಂತ ಅವರು ಕೊರಗುತ್ತಿದ್ದರು. ಕೊರಗಿನ ಒಳಗೆ ಇನ್ನೊಂದು ಭಯವೂ ಇತ್ತು. ಹೇಳದೆ ಹೇಳದೆ ಉಳಿದರ್ಧ ಮರೆಯುತ್ತಿತ್ತು. ತಾವು ಸತ್ತರೆ ತಮಗೆ ಪೂರ್ತಿ ಹೇಳಲು ಯಾರಿದ್ದಾರೆ?

ಅವರು ಆರಿಸಿಕೊಂಡದ್ದು ನನ್ನನ್ನು. ನನ್ನಲ್ಲಿ ಭಕ್ತಿ ಕಂಡು ಆರಿಸಿದರು ಅಂತ ನಾನು ಕೆಲವು ಕಾಲ ತಿಳಿದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಕಾರಣ ನನ್ನ ಗಂಟಲು. ನಾನು ಟೀ ಫ್ಯಾಕ್ಟರಿಯಲ್ಲಿ ಗುಮಾಸ್ತನಾಗಿದ್ದವನು. ಎಲೆ ತೂಗುವ ಶೆಡ್ಡಿನಲ್ಲಿ ತೂಕ ಕೂಗಿ ಕೂಗಿ ನನ್ನ ದನಿ ಎರಡು ಗುಡ್ಡ ದಾಟುತ್ತಿತ್ತು. ಆದರೆ ಕಲಿಸುವುದು ಹೇಗೆ? ಹೆಣ ಬೇಕು. ಹೆಣ ಸಿಕ್ಕರೆ ವ್ಯಾನು ಬಂದಿರುತ್ತದೆ. ಹೀಗೆ ಗುರುವೂ ಶಿಷ್ಯನೂ ಹಟ್ಟಿಯ ಮುದುಕರನ್ನು ಒಬ್ಬೊಬ್ಬರಾಗಿ ನೋಡುತ್ತ ಏನೂ ಮಾಡಲಾಗದೆ ವರ್ಷಗಟ್ಟಲೆ ಕೂತಿದ್ದೆವು. ಎದುರು ಸಿಕ್ಕವರನ್ನು ಮಾವ ಹಿಟ್ಟು ತಿಂದೆಯಾ ಅಂತ ವಿಚಾರಿಸುತ್ತಿದ್ದರು, ನಮ್ಮಲ್ಲಿ ಊಟ ಆಯಿತೇ ಅಂತ ಕೇಳುವುದು ಹಾಗೆ. ಅದರಲ್ಲಿ ಕಾಳಜಿ ಎಷ್ಟು, ಲೆಕ್ಕಾಚಾರ ಎಷ್ಟು ಅಂತ ಹೇಳುವುದು ಕಷ್ಟವಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಸುಮತಿ ಹಟ್ಟಿಗೆ ಬಂದಳು. ಅವಳಿಗೆ ಪರೀಕ್ಷೆ ಹತ್ತಿರವಾಗಿತ್ತು. ನಾಲ್ಕು ಜನರ ಮುಂದೆ ಜರ್ಮನ್ ಓದಿ ಅರ್ಥ ಹೇಳಿ ಅಭ್ಯಾಸ ಮಾಡಬೇಕಿತ್ತು. ಅದಕ್ಕೆ ಅದೇ ಪಿಟೀಲಿನವನ ಚಿತ್ರ ಹಾಕೋಣ ಅಂದಳು. ಸಮುದಾಯ ಭವನದಲ್ಲಿ ಕ್ರಿಕೆಟ್ ನೋಡಲು ತಂದ ಪ್ರೊಜೆಕ್ಟರ್ ಇತ್ತು. ಹೊರಗೆ ಮಂಜು ಮುಚ್ಚಿತ್ತು, ಮಾಡಲು ಯಾರಿಗೂ ಬೇರೆ ಕೆಲಸ ಇರಲಿಲ್ಲ, ಸುಮಾರು ಜನ ಬಂದು ಕೂತರು. ಮಾವನೂ ಮಾಮಿಯೂ ಬಂದರು. ಸುಮತಿ ಒಂದೊಂದು ಹಲಗೆಯನ್ನೂ ಜರ್ಮನ್‌ನಲ್ಲಿ ಓದಿ ನಮ್ಮ ಮಾತಿನಲ್ಲಿ ಅರ್ಥ ಹೇಳುತ್ತ ಹೋದಳು. ಗಡಿಯಾರ ಮಾರಿದಾಗ ಹೆಂಗಸರು ಅವನನ್ನು ಬೈದರು. ಮಂಚಕ್ಕೆ ಬೆಂಕಿ ಇಟ್ಟಾಗ ಗಂಡಸರೂ ಬೈದರು, ಒಳ್ಳೆಯ ಮರ ಅಂತ. ಅವನ ಪರವಾಗಿ ಮಾತಾಡಿದವರು ಬೆಳ್ಳಿ ಮಾವ ಒಬ್ಬರೇ. ಅರ್ಧದಲ್ಲಿ ನಿಂತರೆ ಅವನಿಗೆ ಎಷ್ಟು ಸಂಕಟ ಅಂತ ಕೂತವರಿಗೆ ಏನು ಗೊತ್ತು ಅಂದರು.

ಪಿಟೀಲಿನವನು ನೆಲಕ್ಕೆ ಬಿದ್ದ. ಹಿಂದಿನ ಹಲಗೆಯ ಅರ್ಥ ಹೇಳಿ ಮುಗಿಸಲು ಸುಮತಿ ಚಿತ್ರವನ್ನು ಅಲ್ಲೇ ನಿಲ್ಲಿಸಿಕೊಂಡಳು. ಗೋಡೆಯ ಮೇಲೆ ಹೆಣ ಹಾಗೇ ನಿಂತಿತು. ಆಗ ಮಾವ ಕೂತಲ್ಲಿಂದಲೇ ನನ್ನನ್ನು ಕೇಳಿದರು.

"ಅಳಿಯಾ, ಈ ಪಟದಲ್ಲಿ ಇರೋರು ಎಲ್ಲಾ ಈಗ ಸತ್ತವರೇ ಅಲ್ಲವಾ?"

ನೂರು ವರ್ಷದ ಹಿಂದಿನದು ಮಾವ, ಯಾರೂ ಉಳಿದಿರಲಾರರು ಅಂದೆ.

"ಇವನಿಗೆ ಕರು ಹರಚಿದ್ದು ಯಾರು?"

ಅವರಲ್ಲಿ ಆ ಪದ್ಧತಿ ಇಲ್ಲೆ ಅಯ್ಯಾ, ಅಂದಳು ಸುಮತಿ.

"ಹಂಗಾದರೆ ಇವನ ಪಾಪ ಎಲ್ಲಾ ಹಂಗೇ ಉಳಿದದೆ" ಅಂದರು ಮಾವ. ಎದ್ದರು. ಗೋಡೆಯ ಕಡೆ ತಿರುಗಿ ತಲೆಗೆ ಬಟ್ಟೆ ಸುತ್ತಿದರು.

ಮಾವನಿಗೆ ಭ್ರಮೆಯಾಗಿತ್ತು ಅಂತ ಯಾರೂ ತಿಳಿಯಬಾರದು. ಕೂನೂರಿನ ಟಾಕೀಸಿನಲ್ಲಿ ನನಗಿಂತ ಹೆಚ್ಚು ಸಿನಿಮಾ ನೋಡಿದವರು ಅವರು. ಅದು ಪಟ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸತ್ತವನ ಮುಂದೆ ಹೇಳಬೇಕು ಅಂತ ನಿಯಮ. ಇವನು ಸತ್ತವನು. ಕತೆಯಲ್ಲೂ ಸತ್ತಿದ್ದಾನೆ, ನಿಜದಲ್ಲೂ ಸತ್ತಿದ್ದಾನೆ. ಎದುರಿಗೇ ಮಲಗಿದ್ದಾನೆ. ನಿಯಮದಲ್ಲಿ ಎಲ್ಲಿ ತಪ್ಪು ಹುಡುಕುತ್ತೀರಿ? ಒಳ್ಳೆಯ ವಕೀಲರಿಗೂ ಸಿಗಲಾರದು.

ಮಾವ ಶುರುಮಾಡಿದರು. ಮೊದಲ ಪಾಪ ಮುಗಿಯುವಷ್ಟರಲ್ಲಿ ಕೂತಿದ್ದವರೆಲ್ಲ ಎದ್ದು ನಿಂತಿದ್ದರು. ಯಾರೂ ಯೋಚಿಸಿ ಎದ್ದದ್ದಲ್ಲ, ಆ ದನಿ ಕೇಳಿದರೆ ನಮ್ಮ ಕಾಲು ತಾನಾಗಿ ಏಳುತ್ತದೆ. ಅದು ಪಾಪ ಅಂತ ಭವನ ತುಂಬ ಒಂದೇ ಸ್ವರ ಎದ್ದಿತು. ಹಾರನ್ ಇಲ್ಲ, ಬಸ್ಸಿಲ್ಲ. ಅಷ್ಟು ತಾಳ್ಮೆಯಿಂದ ಕಾದ ಹೆಣವನ್ನು ನಾನು ಕಂಡಿಲ್ಲ. ಅರ್ಧದ ಹತ್ತಿರ ಮಾವ ಒಂದು ಕ್ಷಣ ತಡೆದರು. ಆಮೇಲೆ ದಾಟಿದರು, ದಾಟಿ ನಾವ್ಯಾರೂ ಇಷ್ಟು ವರ್ಷ ಕೇಳದ ಪಾಪಗಳನ್ನೆಲ್ಲ ಒಂದೊಂದಾಗಿ ತೆಗೆದರು. ಕೊನೆಯಲ್ಲಿ ಪಿಟೀಲಿನವನದೇ ಆದ ಎರಡನ್ನು ಸೇರಿಸಿದರು. ಹೆಂಡತಿಯ ತವರಿನ ಗಡಿಯಾರ ಮಾರಿದ್ದು. ತನ್ನ ರಾಗದ ಗುಂಗಿನಲ್ಲಿ ಹೆಂಡತಿಯ ಕೆಮ್ಮು ಕೇಳಿಸಿಕೊಳ್ಳದೆ ಹೋದದ್ದು. ಎರಡನೆಯದಕ್ಕೆ ಅದು ಪಾಪ ಅಂದವರಲ್ಲಿ ಮಾದಿ ಮಾಮಿಯ ದನಿ ಎಲ್ಲರಿಗಿಂತ ಮುಂಚೆ ಬಂತು, ಸ್ವಲ್ಪ ಜೋರಾಗಿಯೂ ಬಂತು. ಮಾಮಿಗೆ ಕಿವಿ ಮಂದ, ಅದಕ್ಕೇ ಜೋರು ಅಂತ ನಾನಂದುಕೊಂಡೆ.

ಮಾವ ಮುಗಿಸಿ ಕೂತರು. ಒಂದು ಲೋಟ ಟೀ ಕುಡಿದು, ಪೂರ್ತಿ ಬಂತು ಅಳಿಯಾ, ಅಂದರು. ಅಷ್ಟೇ ಅಂದದ್ದು. ನನಗೆ ಕಣ್ಣಲ್ಲಿ ನೀರು ಬಂತು. ಪ್ರೊಜೆಕ್ಟರಿನ ಬೆಳಕು ಕಣ್ಣಿಗೆ ಹೊಡೆಯಿತು ಅಂತ ಸುಮತಿಗೆ ಸುಳ್ಳು ಹೇಳಿದೆ.

ಅಲ್ಲಿಂದ ನನ್ನ ಪಾಠ ನಡೆಯಿತು. ಭಾನುವಾರ ಭಾನುವಾರ ಮಧ್ಯಾಹ್ನ ಮಾವ ನಮ್ಮ ಮನೆಗೆ ಬರುವುದು, ಸುಮತಿ ಕೊಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ ನಾನು ಕೊನೆಯ ಹತ್ತು ನಿಮಿಷ ಹಾಕುವುದು, ಪಿಟೀಲಿನವನು ಬಿದ್ದ ಕೂಡಲೇ ನಿಲ್ಲಿಸುವುದು, ನಾವಿಬ್ಬರೂ ಎದ್ದು ನಿಲ್ಲುವುದು. ನೇರವಾಗಿ ಹೆಣದ ಜಾಗಕ್ಕೇ ಹೋಗೋಣ ಅಂತ ಒಮ್ಮೆ ಅಂದೆ. ಮಾವ ಒಪ್ಪಲಿಲ್ಲ. ಅವನು ನಮ್ಮ ಕಣ್ಣ ಮುಂದೆ ಸಾಯಬೇಕು, ಮೊದಲೇ ಸತ್ತು ಬಿದ್ದವನನ್ನು ಪದೇ ಪದೇ ಎಬ್ಬಿಸಿ ನಿಲ್ಲಿಸಿದರೆ ಮರ್ಯಾದೆ ಅಲ್ಲ ಅಂದರು. ಫೋನಿನಲ್ಲಿ ದನಿ ಹಿಡಿದುಕೊಳ್ಳಲೇ ಅಂತ ಕೇಳಿದ್ದಕ್ಕೆ, ಅದು ಯಾರ ಮನೆಯ ಮದುವೆಯಲ್ಲಿ ಬಾಯಿ ಬಿಡುತ್ತದೋ ಏನೋ, ಬೇಡ ಅಂದರು. ಹಾಗಾಗಿ ಬಾಯಿಪಾಠವೇ ಆಯಿತು. ನನ್ನ ಹೆಂಡತಿ ಆ ಹೊತ್ತಿಗೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ವಾರಕ್ಕೊಂದು ಹೆಣ ಬೀಳುವ ಮನೆಯಲ್ಲಿ ಯಾರು ಅಡಿಗೆ ಮಾಡುತ್ತಾರೆ ಅಂತ ತಂಗಿಯ ಮನೆಗೆ ಹೋಗಿಬಿಡುತ್ತಿದ್ದಳು.

ಮಾವ ಕಟ್ಟುನಿಟ್ಟಿನ ಗುರು. ಒಂದು ಪಾಪ ಹಿಂದುಮುಂದಾದರೆ ಮೊದಲಿಂದ. ಅಂದರೆ ಪಿಟೀಲಿನವನು ಇನ್ನೊಮ್ಮೆ ರಾಗ ಹುಡುಕಿ, ನುಡಿಸಿ, ಸಾಯಬೇಕು. ನನ್ನ ದಡ್ಡತನದಿಂದ ಆ ಬಡಪಾಯಿ ಕೆಲವು ಭಾನುವಾರ ಮೂರು ಮೂರು ಸಲ ಸತ್ತಿದ್ದಾನೆ. ಕೊನೆಯ ಎರಡು ಪಾಪ ಪ್ರತಿ ಸಲವೂ ಅವನವೇ, ಗಡಿಯಾರ ಮತ್ತು ಕೆಮ್ಮು. ಮಳೆಗಾಲ ಕಳೆಯಿತು. ನನಗೆ ಮುಕ್ಕಾಲು ಪಾಲು ಬಂತು, ಆಮೇಲೆ ಪೂರ್ತಿ ಬಂತು. ಸುಮತಿಗೂ ಪರೀಕ್ಷೆ ಆಯಿತು. ಪರೀಕ್ಷೆಯಲ್ಲಿ ಒಂದು ಜರ್ಮನ್ ಸಿನಿಮಾದ ಬಗ್ಗೆ ಮಾತಾಡಿ ಅಂದರಂತೆ. ಇವಳು ಪಿಟೀಲಿನವನ ಕತೆ ಹೇಳಿ, ಕೊನೆಗೆ ನಮ್ಮ ಹಟ್ಟಿಯಲ್ಲಿ ಅವನ ಪಾಪ ತೀರಿತು ಅಂತ ಮುಗಿಸಿದಳಂತೆ. ಕೇಳುತ್ತಿದ್ದವರು ಆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿದರಂತೆ. ಪಾಸಾಗಿದ್ದಾಳೆ, ವೀಸಾಕ್ಕೆ ಕಾಯುತ್ತಿದ್ದಾಳೆ.

ಮಂಜು ಹೆಪ್ಪುಗಟ್ಟಿ ಟೀ ಎಲೆ ಕರಟುವ ತಿಂಗಳಲ್ಲಿ ಬೆಳ್ಳಿ ಮಾವ ಹೋದರು. ಕಾಯಿಲೆ ಅಂತ ಮಲಗಿದ್ದು ಎರಡೇ ದಿನ. ಮಾರನೆಯ ದಿನ ಅಂಗಳದಲ್ಲಿ ಮಲಗಿಸಿದ್ದಾಗ ಜನ ನನ್ನ ಮುಖ ನೋಡಿದರು. ನಾನು ತಲೆಗೆ ಬಟ್ಟೆ ಸುತ್ತಿಕೊಂಡೆ. ಸುತ್ತುವಾಗ ಗೋಡೆಯ ಕಡೆ ತಿರುಗಿದೆ. ನನ್ನ ಮುಖದಲ್ಲಿ ಕಳೆಯೇನೂ ಇರಲಿಲ್ಲ, ಅಳು ಇತ್ತು.

ಶುರುಮಾಡಿದೆ. ವ್ಯಾನಿನವನು ಒಂದು ಸಲ ಹಾರನ್ ಒತ್ತಿದ. ಎಲೆಯ ತೂಕ ಕೂಗಿದ ಗಂಟಲು ಇದು, ಹಾರನ್ನು ಕೇಳಿಸದ ಹಾಗೆ ಹೇಳಿದೆ. ಸಾಕು ಅಂತ ಯಾರೋ ತೋಳು ಮುಟ್ಟಿದರು. ಬಿಡಲಿಲ್ಲ. ಅರ್ಧ ದಾಟಿದೆ, ಮುಕ್ಕಾಲು ದಾಟಿದೆ, ಒಂದೂ ಹಿಂದುಮುಂದಾಗಲಿಲ್ಲ. ಮಾವ ಇದ್ದಿದ್ದರೆ ಮೊದಲಿಂದ ಅನ್ನುತ್ತಿರಲಿಲ್ಲ ಅಂತ ಒಳಗೆ ಒಂದು ಹೆಮ್ಮೆಯೂ ಎದ್ದಿತು. ಆ ಹೆಮ್ಮೆಯ ಓಟದಲ್ಲಿ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಬಾಯಿ ತಾನು ಕಲಿತಂತೆ ಮುಂದೆ ಹೋಯಿತು. ಹೆಂಡತಿಯ ತವರಿನ ಗಡಿಯಾರ ಮಾರಿದ್ದು ಅಂದೆ. ಅದು ಪಾಪ ಅಂದರು ಜನ. ತನ್ನ ರಾಗದ ಗುಂಗಿನಲ್ಲಿ ಹೆಂಡತಿಯ ಕೆಮ್ಮು ಕೇಳಿಸಿಕೊಳ್ಳದೆ ಹೋದದ್ದು ಅಂದೆ. ಅದು ಪಾಪ ಅಂದರು. ಆಗ ಎಚ್ಚರವಾಯಿತು. ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವ ದಾರಿ ಇದರಲ್ಲಿ ಇಲ್ಲ. ಇದೆಲ್ಲ ತೀರಲಿ ಅಂತ ಮುಗಿಸಿದೆ. ಹೀಗೆ, ಎಂಬತ್ತು ದಾಟಿ ಬಾಳಿದ ನನ್ನ ಮಾವನ ಮೇಲೆ, ಕಂಡು ಕೇಳರಿಯದ ದೇಶದವನೊಬ್ಬನ ಪಾಪ ಹೊರಿಸಿ ಕಳಿಸಿಬಿಟ್ಟೆ.

ಮೂರು ದಿನ ನನಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಮಾಮಿಯ ಹತ್ತಿರ ಹೋದೆ. ಮಾಮಿ ಒಲೆಯ ಮುಂದೆ ಕೂತಿದ್ದರು. ಮಾಮಿ, ದೊಡ್ಡ ತಪ್ಪಾಗಿದೆ, ಆ ಜರ್ಮನಿಯವನ ಎರಡು ಪಾಪ ಮಾವನ ತಲೆಗೆ ಕಟ್ಟಿಬಿಟ್ಟೆ ಅಂದೆ. ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಜೋರಾಗಿ ಹೇಳಿದೆ.

"ಕೇಳಿತು" ಅಂದರು ಮಾಮಿ. ಕಾಫಿ ಬಗ್ಗಿಸಿ ಕೊಟ್ಟರು. "ಗಡಿಯಾರದ್ದು ನಮ್ಮದು ಇಲ್ಲೆ. ನಮ್ಮ ಮನೆಯಲ್ಲಿ ಮಾರುವಂಥ ಗಡಿಯಾರವೇ ಇರಲಿಲ್ಲೆ."

ಮಾಮಿ ಒಲೆಗೆ ಒಂದು ಕಟ್ಟಿಗೆ ನೂಕಿದರು.

"ಕೆಮ್ಮಿನದು ನಮ್ಮದೇ, ಅಳಿಯಾ. ಕೊನೆಯ ಮಗ ಹುಟ್ಟಿದ ವರ್ಷ ನಾನು ಮೂರು ತಿಂಗಳು ಕೆಮ್ಮಿದೆ. ಅವರು ಹಟ್ಟಿ ಹಟ್ಟಿ ಸಾವು ಕೇಳಿಕೊಂಡು ಬಂದರು. ನಿನಗೆ ಮೈ ಹೆಂಗದೆ ಅಂತ ಒಂದು ದಿನ ಕೇಳಲಿಲ್ಲೆ." ಸೀರೆಯ ಸೆರಗಿನಿಂದ ಮೂಗು ಒರೆಸಿಕೊಂಡರು. "ಇದನ್ನು ಯಾರಿಗೆ ಹೇಳೋದು ಅಂತ ಇಷ್ಟು ವರ್ಷ ಇದ್ದೆ. ಮೊನ್ನೆ ಹಟ್ಟಿ ಎಲ್ಲಾ ಸೇರಿ ಪಾಪ ಅಂದಿತಲ್ಲ, ತೀರಿತು. ಕಾಫಿ ಕುಡಿ."

ಕುಡಿದೆ. ಭವನದಲ್ಲಿ ಮಾಮಿಯ ದನಿ ಮುಂಚೆ ಬಂದದ್ದಕ್ಕೂ ಅವರ ಕಿವಿಗೂ ಸಂಬಂಧ ಇರಲಿಲ್ಲ ಅಂತ ಆಗ ತಿಳಿಯಿತು. ಆ ಕೆಮ್ಮಿನ ವಿಷಯ ಮಾವನಿಗೂ ತಿಳಿದಿತ್ತೋ ಏನೋ. ಪಿಟೀಲಿನವನಿಗೆ ಹೊರಿಸಲು ಅಷ್ಟೊಂದು ಪಾಪ ಇರುವಾಗ ಕೆಮ್ಮಿನದನ್ನೇ ಅವರು ಯಾಕೆ ಆರಿಸಿದರು, ಪ್ರತಿ ಭಾನುವಾರ ಬಿಡದೆ ನನ್ನ ಬಾಯಲ್ಲೂ ಯಾಕೆ ಹೇಳಿಸಿದರು ಅಂತ ನಾನು ಈಗಲೂ ಯೋಚಿಸುತ್ತೇನೆ.

ಅಲ್ಲಿಂದ ಈಚೆಗೆ ಮೂರು ಸಾವುಗಳಲ್ಲಿ ನಾನು ಕರು ಹರಚಿದ್ದೇನೆ. ಗಡಿಯಾರವನ್ನು ಬಿಟ್ಟುಬಿಟ್ಟಿದ್ದೇನೆ. ಕೆಮ್ಮಿನದನ್ನು ಇಟ್ಟುಕೊಂಡಿದ್ದೇನೆ. ಅದೀಗ ಎಲ್ಲ ಗಂಡಸರಿಗೂ ಹೇಳುವ ಸಾಮಾನ್ಯ ಪಾಪಗಳಲ್ಲಿ ಒಂದಾಗಿದೆ. ಇದನ್ನು ಬರೆಯುತ್ತಿರುವಾಗಲೂ ಒಳಗಿಂದ ನನ್ನ ಹೆಂಡತಿ ಎರಡು ಸಲ ಕರೆದಳಂತೆ, ಈಗ ತಾನೇ ಬಂದು ಹೇಳಿ ಹೋದಳು. ಇದುವರೆಗೆ, ಕೆಮ್ಮಿನದು ನಮ್ಮ ಮನೆಯ ಪಾಪ ಅಲ್ಲ, ತೆಗೆದುಹಾಕು ಅಂತ ಯಾವ ಮನೆಯ ಹೆಂಗಸೂ ಬಂದು ಹೇಳಿಲ್ಲ.